ಹೆಸರಿಲ್ಲದ ಎತ್ತು, ಎತ್ತಿಲ್ಲದ ಹೆಸರು

ನಾಲ್ಕನೇ ತರಗತಿಯ ಆ ಹುಡುಗಿಯ ನೋಟ್‌ಬುಕ್ ನೋಡಿದವರು ಯಾರೂ ಅವಳ ಬಗ್ಗೆ ಚಿಂತೆ ಮಾಡುತ್ತಿರಲಿಲ್ಲ. ಮುತ್ತು ಪೋಣಿಸಿದಂಥ ಅಕ್ಷರ. ಬೋರ್ಡಿನ ಮೇಲೆ ಬರೆದದ್ದನ್ನು ಒಂದು ಕೊಂಬು, ಒಂದು ದೀರ್ಘ ತಪ್ಪದೆ ಇಳಿಸಿಕೊಳ್ಳುತ್ತಿದ್ದಳು. ಹಾವೇರಿ ಜಿಲ್ಲೆಯ ಆ ಹಳ್ಳಿ ಶಾಲೆಗೆ ನಾನು ಹೊಸದಾಗಿ ಹೋಗಿದ್ದೆ. ಹಳೆಯ ಮಾಸ್ತರರೊಬ್ಬರು ಹೇಳಿದ್ದರು: "ಕಿವಿ ಸ್ವಲ್ಪ ಮಂದ ಐತ್ರಿ, ಆದ್ರ ಹುಡುಗಿ ಭಾಳ ಶಾಣೇಕಿ." ನಾನೂ ಮೂರು ತಿಂಗಳು ಹಾಗೇ ನಂಬಿಕೊಂಡಿದ್ದೆ. ಒಂದು ದಿನ ಆಟಕ್ಕೆಂದು ಚಿತ್ರಗಳನ್ನೂ ಪದಗಳ ಚೀಟಿಗಳನ್ನೂ ಹರಡಿ, ಜೋಡಿಸು ಎಂದು ಸನ್ನೆ ಮಾಡಿದೆ. ಎತ್ತಿನ ಚಿತ್ರ ಕೈಗೆತ್ತಿಕೊಂಡಳು, ನಕ್ಕಳು, ಯಾವ ಎತ್ತು ಒದೆಯುತ್ತದೆ ಎಂಬುದನ್ನು ಕಾಲು ಝಾಡಿಸಿ ತೋರಿಸಿದಳು. ಆದರೆ 'ಎತ್ತು' ಎಂದು ಬರೆದ ಚೀಟಿ ಅವಳಿಗೆ ಬೇರೆ ಎಲ್ಲ ಚೀಟಿಗಳ ಹಾಗೆ ಒಂದು ರಂಗೋಲಿ ಅಷ್ಟೆ. ನೂರು ಸಲ ಆ ಪದ ಬರೆದಿದ್ದಾಳೆ. ಮನೆಯ ಕೊಟ್ಟಿಗೆಯಲ್ಲಿ ಕಟ್ಟಿರುವ ಪ್ರಾಣಿಗೆ ಅದು ಹೆಸರು ಎನ್ನುವುದು ಗೊತ್ತಿಲ್ಲ.

ಅದೇ ವರ್ಷ ಐದನೇ ತರಗತಿಯಲ್ಲಿ ಕಣ್ಣು ಕಾಣದ ಹುಡುಗನೊಬ್ಬನಿದ್ದ. ಪದ್ಯ, ಮಗ್ಗಿ, ಜಿಲ್ಲೆಗಳ ಹೆಸರು, ಏನು ಕೇಳಿದರೂ ನಾಲಿಗೆಯ ತುದಿಯಲ್ಲಿ. ಎತ್ತಿನ ಬಗ್ಗೆ ಕೇಳಿದರೆ "ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ, ರೈತನ ಮಿತ್ರ" ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಮಕ್ಕಳು ಮನೆಯಿಂದ ತಂದ ಮಣ್ಣಿನ ಎತ್ತೊಂದನ್ನು ಅವನ ಕೈಗಿಟ್ಟೆ. ಹಿಂದೆ ಮುಂದೆ ಸವರಿದ. "ಇದೇನ್ರಿ ಸರ, ಬೆಕ್ಕೇನ್ರಿ?" ಮನೆಯಲ್ಲಿ ಎರಡು ಎತ್ತಿದ್ದವು. ಹಾಯುತ್ತವೆ ಎಂಬ ಭಯಕ್ಕೆ ಅವನನ್ನು ಅವುಗಳ ಹತ್ತಿರ ಯಾರೂ ಬಿಟ್ಟಿರಲಿಲ್ಲ.

ಕಿವಿ ಕೇಳದ ಮಗುವಿಗೂ ಕಣ್ಣು ಕಾಣದ ಮಗುವಿಗೂ ಪಾಠ ಮಾಡುವುದರಲ್ಲಿ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನಾನು ಈ ಎತ್ತಿನ ಕಥೆಯನ್ನೇ ಹೇಳುತ್ತೇನೆ. ಒಬ್ಬಳ ಹತ್ತಿರ ಎತ್ತು ಇತ್ತು, ಹೆಸರಿರಲಿಲ್ಲ. ಇನ್ನೊಬ್ಬನ ಹತ್ತಿರ ಹೆಸರಿತ್ತು, ಎತ್ತು ಇರಲಿಲ್ಲ. ಇಬ್ಬರೂ ಮಾಸ್ತರರಿಗೆ ಬುದ್ಧಿವಂತರಾಗಿಯೇ ಕಂಡರು, ಇಬ್ಬರೂ ಬುದ್ಧಿವಂತರೇ. ಆದರೆ ನಮಗೆ ಕಂಡದ್ದು ಬೇರೆ, ಒಳಗೆ ಆಗುತ್ತಿದ್ದದ್ದು ಬೇರೆ.

ಮೊದಲು ಕಿವಿಯ ವಿಷಯ. ಕೇಳುವ ಮಗುವಿಗೆ ನಾವು ಮಾತು ಕಲಿಸುವುದಿಲ್ಲ. ಅವ್ವ ರೊಟ್ಟಿ ಬಡಿಯುತ್ತ ಅತ್ತೆಯ ಜೊತೆ ಮಾತಾಡುವುದು, ಅಜ್ಜ ಕಟ್ಟೆಯ ಮೇಲೆ ಮಳೆಗೆ ಬೈಯುವುದು, ಟಿವಿ, ಸಂತೆ, ಜಗಳ, ಎಲ್ಲವೂ ಮಗುವಿನ ಕಿವಿಗೆ ತಾನಾಗಿ ಬೀಳುತ್ತವೆ. ಅದಕ್ಕೆಂದು ಆಡದ ಮಾತುಗಳಿಂದಲೇ ಅದು ಸಾವಿರಾರು ಪದ ಕಟ್ಟಿಕೊಂಡು ಶಾಲೆಗೆ ಬರುತ್ತದೆ. ಕೇಳದ ಮಗುವಿಗೆ ಈ ಸುರಿಮಳೆ ಇಲ್ಲ. ಮುಖದ ಮುಂದೆ ಬಂದು ಆಡಿದ ಮಾತಷ್ಟೇ, ಅದೂ ಅರ್ಧಂಬರ್ಧ. ಆದ್ದರಿಂದ ಕಿವುಡುತನವನ್ನು ಕಿವಿಯ ತೊಂದರೆ ಎನ್ನುವುದಕ್ಕಿಂತ ಭಾಷೆಯ ಬರ ಎನ್ನುವುದೇ ಸರಿ. ಕಿವಿಗೆ ಆಮೇಲೆ ಚಿಕಿತ್ಸೆ ಮಾಡಿಸಬಹುದು. ಭಾಷೆ ಬೇರೂರುವ ಮೊದಲ ಮೂರು-ನಾಲ್ಕು ವರ್ಷ ಕಳೆದರೆ ಆ ಕಾಲ ಮತ್ತೆ ಬರುವುದಿಲ್ಲ.

ಆದರೆ ನಮ್ಮಲ್ಲಿ ಆ ವರ್ಷಗಳೇ ಕಾಯುವುದರಲ್ಲಿ ಕಳೆಯುತ್ತವೆ. "ಅವರಪ್ಪನೂ ತಡಾ ಮಾಡೇ ಮಾತಾಡಿದ್ದ, ಬಿಡ್ರಿ" ಎಂಬ ಅಜ್ಜಿಯ ಸಮಾಧಾನ ಒಂದು ಕಡೆ. ಹುಟ್ಟು ಕಿವುಡಿನ ಕೂಸೂ ಮೊದಲ ಕೆಲವು ತಿಂಗಳು ಎಲ್ಲ ಕೂಸುಗಳ ಹಾಗೆ ಕೂ, ಗೂ ಎನ್ನುತ್ತದೆ, ಮನೆಯವರು ಮೋಸಹೋಗುತ್ತಾರೆ. ಬೆನ್ನ ಹಿಂದೆ ತಾಟು ಬಡಿದು ನೋಡುತ್ತಾರೆ, ಕೂಸು ತಿರುಗುತ್ತದೆ. ತಿರುಗಿದ್ದು ಸಪ್ಪಳಕ್ಕೋ, ನೆಲದ ನಡುಕಕ್ಕೋ, ಗೋಡೆಯ ಮೇಲೆ ಸರಿದ ನೆರಳಿಗೋ ಯಾರಿಗೆ ಗೊತ್ತು? ತಾಟಿನ ಪರೀಕ್ಷೆ ಪರೀಕ್ಷೆಯೇ ಅಲ್ಲ. ಹುಟ್ಟಿದ ಎರಡು-ಮೂರು ದಿನಕ್ಕೇ ಮಾಡಬಹುದಾದ ಓಎಇ ಪರೀಕ್ಷೆ ಇದೆ: ನಿದ್ದೆಯಲ್ಲಿರುವ ಕೂಸಿನ ಕಿವಿಗೆ ಪುಟ್ಟ ಬಿರಡೆಯೊಂದನ್ನು ಇಟ್ಟು ಸದ್ದು ಬಿಡುತ್ತಾರೆ, ಒಳಗಿವಿ ಮರಳಿಸುವ ಸಣ್ಣ ಪ್ರತಿಧ್ವನಿಯನ್ನು ಯಂತ್ರ ಹಿಡಿಯುತ್ತದೆ. ಅದರಲ್ಲಿ ಅನುಮಾನ ಬಂದರೆ, ಸದ್ದು ಕಿವಿಯ ನರದ ಮೂಲಕ ಮಿದುಳಿಗೆ ಮುಟ್ಟುತ್ತದೆಯೇ ಎಂದು ನೋಡುವ 'ಬೇರಾ' (BERA) ಪರೀಕ್ಷೆ. ಜಗತ್ತಿನಾದ್ಯಂತ ಈ ಕ್ಷೇತ್ರದವರು ಹಿಡಿಯುವ ಲೆಕ್ಕ ಒಂದು, ಮೂರು, ಆರು: ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಕಿವಿಯ ಮಷಿನ್ ಮತ್ತು ತರಬೇತಿ ಶುರು. ನಾನು ಕಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಆರು ತಿಂಗಳು ಆರು ವರ್ಷವಾಗಿತ್ತು.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಸಾಮಾನ್ಯ. ಎರಡೂ ಕಡೆ ಅಡಗಿರುವ ಒಂದೇ ದೋಷದ ಜೀನ್ ಸೇರಿದಾಗ ಹುಟ್ಟು ಕಿವುಡು, ಕೆಲವು ಬಗೆಯ ಕುರುಡು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಎರಡೂ ಕಡೆಯಿಂದ ಎಂಬುದನ್ನು ಗಮನಿಸಿ. ದೂರು ಮಾತ್ರ ಯಾವಾಗಲೂ ತಾಯಿಯ ತಲೆಗೇ. ದಡಾರದ ಹಾಗೆ ಕಾಣುವ ರುಬೆಲ್ಲಾ ಬಸುರಿಗೆ ತಗಲುವುದು, ಹುಟ್ಟಿದ ಕೂಸಿಗೆ ಕಾಮಾಲೆ ತೀರ ಏರುವುದು, ಮೆದುಳುಪೊರೆಯ ಉರಿಯೂತ, ಇವೂ ಕಾರಣಗಳೇ. ಸೋರುವ ಕಿವಿಗೆ ಬಿಸಿ ಎಣ್ಣೆ ಬಿಡುವ ಮನೆಮದ್ದನ್ನಂತೂ ನಿಲ್ಲಿಸಬೇಕು.

ಮಷಿನ್ ಕೊಡಿಸಿದರೆ ಮುಗಿಯಿತು ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಕನ್ನಡಕ ಹಾಕಿದ ಕೂಡಲೇ ಅಕ್ಷರ ಸ್ಪಷ್ಟವಾಗುತ್ತದೆ. ಕಿವಿಯ ಮಷಿನ್ ಹಾಗಲ್ಲ, ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಆ ಸದ್ದಿನಲ್ಲಿ ಮಾತು ಯಾವುದು ಎಂದು ಮಿದುಳು ಕಲಿಯಬೇಕು. ದಿನವಿಡೀ ಹಾಕಿದರೆ ಮಾತ್ರ ಕಲಿಯುತ್ತದೆ. ಒಂದು ಮನೆಗೆ ಹೋದಾಗ ಮಷಿನ್ ಎಲ್ಲಿ ಎಂದೆ. ತಾಯಿ ತಿಜೋರಿ ತೆಗೆದು, ಬಂಗಾರದ ಡಬ್ಬಿಯ ಪಕ್ಕದಿಂದ ಅದನ್ನು ತಂದರು. "ಕೆಟ್ಟಗಿಟ್ಟೀತು ಅಂತ ಇಟ್ಟೇವ್ರಿ ಸರ, ಜಾತ್ರಿಗೆ ಹೋಗುವಾಗ ಹಾಕತೇವಿ." ಜಾತ್ರೆಯ ಗದ್ದಲದಲ್ಲಿ ಮಷಿನ್ ಹಾಕಿದ ಮಗುವಿಗೆ ತಲೆನೋವೊಂದೇ ಸಿಕ್ಕೀತು. ಮಗು ಬೆಳೆದ ಹಾಗೆ ಕಿವಿಯ ಅಚ್ಚನ್ನೂ ಬದಲಿಸಬೇಕು. ಸಡಿಲಾದರೆ ಕುಂಯ್ ಎಂದು ಸೀಟಿ ಹೊಡೆಯುತ್ತದೆ, ತರಗತಿ ನಗುತ್ತದೆ, ಮಗು ಮಷಿನ್ ತೆಗೆದು ಚೀಲಕ್ಕೆ ಹಾಕುತ್ತದೆ.

ಮಷಿನ್ ಸರಿಯಾಗಿದೆಯೇ ಎಂದು ದಿನಾ ಬೆಳಿಗ್ಗೆ ನೋಡಲು ಆರು ಧ್ವನಿಗಳ ಪರೀಕ್ಷೆಯೊಂದಿದೆ, ಲಿಂಗ್ ಪರೀಕ್ಷೆ ಎನ್ನುತ್ತಾರೆ. ಬಾಯಿಗೆ ಕಾಗದ ಮರೆ ಹಿಡಿದು ಮ್, ಊ, ಆ, ಈ, ಶ್, ಸ್ ಎಂದು ಒಂದೊಂದೇ ಹೇಳುವುದು. ಕೇಳಿದಾಗಲೆಲ್ಲ ಮಗು ಒಂದು ಹುಣಸೆ ಬೀಜವನ್ನು ಬಟ್ಟಲಿಗೆ ಹಾಕಬೇಕು. ಈ ಆರರಲ್ಲಿ ಮಾತಿನ ತಗ್ಗು ಸ್ವರದಿಂದ ಹೆಚ್ಚು ಸ್ವರದವರೆಗಿನ ಹರವೆಲ್ಲ ಬರುತ್ತದೆ. ಹೆಚ್ಚಿನ ಮಕ್ಕಳು ಆ, ಊ ಹಿಡಿಯುತ್ತಾರೆ, ಸ್ ಬಂದಾಗ ಸುಮ್ಮನಿರುತ್ತಾರೆ. "ಕರದ್ರ ತಿರಗತಾನ್ರಿ, ಆದ್ರ ಮಾತು ತಿಳಿಯೂದಿಲ್ಲ" ಎಂದು ಮನೆಯವರು ಹೇಳುವುದರ ಗುಟ್ಟು ಇದೇ. ಸ್ವರ ಕೇಳುತ್ತದೆ, ವ್ಯಂಜನ ಕೇಳುವುದಿಲ್ಲ. ತೀರ ಹೆಚ್ಚು ಕಿವುಡಿಗೆ ಕಾಕ್ಲಿಯರ್ ಇಂಪ್ಲಾಂಟ್ ಇದೆ, ಒಳಗಿವಿಯ ನರಕ್ಕೆ ವಿದ್ಯುತ್ತಿನ ಸಂಕೇತ ಕೊಡುವ ಸಾಧನ. ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಲ್ಲಿ ಚಿಕ್ಕ ಮಕ್ಕಳಿಗೆ ಉಚಿತವಾಗಿ ಆಗುತ್ತದೆ. ಆದರೆ ಶಸ್ತ್ರಚಿಕಿತ್ಸೆ ಒಂದು ದಿನದ ಮಾತು, ಆಮೇಲಿನ ಕೇಳುವ ತರಬೇತಿ ವರ್ಷಗಳದ್ದು. ಹಳ್ಳಿಯಿಂದ ವಾರವಾರ ಹುಬ್ಬಳ್ಳಿಗೋ ಧಾರವಾಡಕ್ಕೋ ಕೂಲಿ ಬಿಟ್ಟು ಹೋಗಿಬರುವುದು ಮೂರನೇ ತಿಂಗಳಿಗೇ ನಿಂತಿದ್ದನ್ನು ನೋಡಿದ್ದೇನೆ.

ಹಾಗಾದರೆ ಸನ್ನೆ? ಇಲ್ಲಿ ನನ್ನ ನಿಲುವನ್ನು ಮುಚ್ಚಿಡುವುದಿಲ್ಲ: ಮಷಿನ್ ಇರಲಿ, ಇಂಪ್ಲಾಂಟ್ ಇರಲಿ, ಸನ್ನೆ ಭಾಷೆಯನ್ನು ಮೊದಲ ದಿನದಿಂದಲೇ ಕೊಡಬೇಕು. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬ ಭಯ ಹಳೆಯದು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಶಾಲೆಗಳಿಂದ ಸನ್ನೆಯನ್ನು ಹೊರಗಿಡಬೇಕೆಂದು ಠರಾವು ಮಾಡಿತು. ಅದಕ್ಕೆ ವಿಷಾದ ಹೇಳಲು ಅದೇ ಸಮ್ಮೇಳನಕ್ಕೆ 2010ರವರೆಗೆ, 130 ವರ್ಷ ಹಿಡಿಯಿತು. ಭಾರತೀಯ ಸನ್ನೆ ಭಾಷೆಗಾಗಿ ದೆಹಲಿಯಲ್ಲಿ ಕೇಂದ್ರ ಸಂಸ್ಥೆ ಶುರುವಾದದ್ದು 2015ರಲ್ಲಿ. ಅದರ ಸನ್ನೆ ನಿಘಂಟಿನಲ್ಲಿ 10 ಸಾವಿರ ಪದಗಳ ವಿಡಿಯೊಗಳಿವೆ, ಫೋನಿನಲ್ಲೇ ನೋಡಬಹುದು.

ಸನ್ನೆ ಭಾಷೆ ಎಂದರೆ ಕನ್ನಡವನ್ನು ಕೈಯಲ್ಲಿ ಆಡುವುದಲ್ಲ. ಅದಕ್ಕೆ ತನ್ನದೇ ವ್ಯಾಕರಣ. 'ನಿನ್ನ ಹೆಸರೇನು' ಎನ್ನಲು ನೀನು, ಹೆಸರು, ಏನು ಎಂಬ ಸಾಲು, ಪ್ರಶ್ನೆಯ ಸನ್ನೆ ಕೊನೆಗೆ, ಜೊತೆಗೆ ಹುಬ್ಬೂ ಮುಖವೂ ಮಾತಾಡಬೇಕು. ಆ ಹುಡುಗಿ ಒಮ್ಮೆ 'ಅಪ್ಪ ಹಾವೇರಿ ಗದಗ ಹೋದ' ಎಂದು ಬರೆದಳು. ನಾನು ಕೆಂಪು ಪೆನ್ನಿನಲ್ಲಿ 'ಯಿಂದ', 'ಕ್ಕೆ' ಸೇರಿಸಿದೆ, ಮರುದಿನ ಮತ್ತೆ ಅದೇ ತಪ್ಪು. ಬಿಐಇಆರ್‌ಟಿ ಶಿಕ್ಷಕಿ, ಅಂದರೆ ತಾಲೂಕಿನ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕಿ, ಬಂದಾಗ ವಿಷಯ ತಿಳಿಯಿತು. ಸನ್ನೆಯಲ್ಲಿ ಹಾವೇರಿಯನ್ನು ಗಾಳಿಯಲ್ಲಿ ಒಂದು ಕಡೆ ಇಡುತ್ತಾರೆ, ಗದಗನ್ನು ಇನ್ನೊಂದು ಕಡೆ, ಕೈ ಇಲ್ಲಿಂದ ಅಲ್ಲಿಗೆ ಸರಿಯುತ್ತದೆ. ಆ ಸರಿಯುವುದರಲ್ಲೇ 'ಇಂದ'ವೂ ಇದೆ, 'ಗೆ'ಯೂ ಇದೆ. ನಮ್ಮ ವಿಭಕ್ತಿ ಪ್ರತ್ಯಯಗಳೋ ಪದದ ಬಾಲಕ್ಕೆ ಅಂಟಿಕೊಂಡ ಚಿಕ್ಕ ಚಿಕ್ಕ ಸದ್ದುಗಳು. ಮಷಿನಿಗೂ ಸಿಕ್ಕುವುದಿಲ್ಲ, ತುಟಿಯ ಮೇಲೂ ಕಾಣುವುದಿಲ್ಲ. ಆ ಶಿಕ್ಷಕಿ ಕೈ ಸರಿಯುವ ದಾರಿಯನ್ನು ಬಾಣದ ಗುರುತಾಗಿ ಬರೆದು, ಬಾಣದ ಬುಡದಲ್ಲಿ 'ಯಿಂದ', ತುದಿಯಲ್ಲಿ 'ಕ್ಕೆ' ಬರೆಸಿದರು. ನನ್ನ ಕೆಂಪು ಪೆನ್ನು ಮಾಡದ ಕೆಲಸವನ್ನು ಒಂದು ಬಾಣ ಮಾಡಿತು.

ತುಟಿ ಓದುವುದರ ಬಗ್ಗೆಯೂ ಭ್ರಮೆ ಬೇಡ. ಕನ್ನಡಿಯ ಮುಂದೆ ನಿಂತು ದನಿ ತೆಗೆಯದೆ ಬರಿ, ಮರಿ, ಪರಿ ಎನ್ನಿ. ಮೂರೂ ಒಂದೇ. ಕ, ಗ ಗಂಟಲಲ್ಲೇ ಉಳಿಯುತ್ತವೆ. ಉಕ್ತಲೇಖನ ಕೊಟ್ಟು ಕಿವುಡು ಮಗುವಿಗೆ ಸೊನ್ನೆ ಹಾಕುವ ಮಾಸ್ತರರು ಕಾಗುಣಿತದ ಪರೀಕ್ಷೆ ಮಾಡುತ್ತಿಲ್ಲ, ತುಟಿ ಓದುವ ಪರೀಕ್ಷೆ ಮಾಡುತ್ತಿದ್ದಾರೆ. ತುಟಿ ಮುಚ್ಚುವ ದಪ್ಪ ಮೀಸೆ ಇದ್ದರೆ ಅದೂ ಇಲ್ಲ. ನಾನು ನನ್ನದನ್ನು ಆ ವರ್ಷವೇ ಕತ್ತರಿಸಿದೆ, ಮನೆಯಲ್ಲಿ ನಕ್ಕರು. ಬೋರ್ಡಿಗೆ ಮುಖ ಮಾಡಿ ಬರೆಯುತ್ತ ಮಾತಾಡಬಾರದು, ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ಮುಖವೆಲ್ಲ ಕಪ್ಪು. ಹಿಂದಿನ ಬೆಂಚಿನಿಂದ ಬಂದ ಉತ್ತರವನ್ನು ನಾವು ಇನ್ನೊಮ್ಮೆ ಎದುರು ನಿಂತು ಹೇಳಬೇಕು.

ಇನ್ನು ಕಣ್ಣು. ಈ ಸೀಮೆಯಲ್ಲಿ ಕಣ್ಣು ಕಾಣದ ಮಗು ಹುಟ್ಟಿದರೆ ಊರವರ ಬಾಯಲ್ಲಿ ಮೊದಲು ಬರುವ ಮಾತು "ಗದಗಿಗೆ ಕಳಿಸ್ರಿ". ಅದಕ್ಕೆ ಕಾರಣವೂ ಇದೆ. ಹಾನಗಲ್ ತಾಲೂಕಿನ ಹಳ್ಳಿಯಲ್ಲಿ ಕಣ್ಣಿಲ್ಲದೆ ಹುಟ್ಟಿದ ಪಂಚಾಕ್ಷರಿ ಗವಾಯಿಗಳನ್ನು (1892–1944) ಹಾನಗಲ್ಲ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಅವರ ಶಿಷ್ಯ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಸಾವಿರಾರು ಮಕ್ಕಳ ಮನೆ ಮಾಡಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು. ಕಣ್ಣಿಲ್ಲದವರು ಭಿಕ್ಷೆಗೇ ಎನ್ನುತ್ತಿದ್ದ ಕಾಲದಲ್ಲಿ ಅವರ ಕೈಗೆ ಹಾರ್ಮೋನಿಯಂ, ತಬಲಾ ಕೊಟ್ಟು ಅನ್ನದ ದಾರಿ ಮಾಡಿದ ಊರು ಅದು. ನನಗೆ ಆ ಬಗ್ಗೆ ಹೆಮ್ಮೆಯಿದೆ, ಒಂದು ತಕರಾರೂ ಇದೆ. ತಕರಾರು ಆಶ್ರಮದ ಮೇಲಲ್ಲ, ನಮ್ಮ ಮೇಲೆ. ಕಣ್ಣಿಲ್ಲ ಎಂದ ಕೂಡಲೇ ಸಂಗೀತ ಎಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಗಣಿತ ಇಷ್ಟಪಡುವ ಕುರುಡು ಹುಡುಗನೂ ಇರುತ್ತಾನೆ, ಶ್ರುತಿ ಹತ್ತದವನೂ ಇರುತ್ತಾನೆ. ನಮ್ಮ ಎತ್ತಿನ ಹುಡುಗ ಹಾಡಿದರೆ ಪಕ್ಕದ ತರಗತಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅವನಿಗೆ ಬೇಕಾಗಿದ್ದದ್ದು ಕೈ ತುಂಬ ಜಗತ್ತು. ಕಣ್ಣು ಎತ್ತನ್ನು ಒಂದೇ ಸಲಕ್ಕೆ ಇಡಿಯಾಗಿ ಹಿಡಿಯುತ್ತದೆ, ಕೈ ತುಂಡು ತುಂಡಾಗಿ ಹಿಡಿದು ಮನಸ್ಸಿನಲ್ಲಿ ಜೋಡಿಸಬೇಕು. ಅದಕ್ಕೇ ಕ್ರಮ: ಮೊದಲು ನಿಜವಾದ ವಸ್ತು, ಆಮೇಲೆ ಮಣ್ಣಿನ ಗೊಂಬೆ, ಕೊನೆಗೆ ಉಬ್ಬು ಚಿತ್ರ. ನಾನು ಗೊಂಬೆಯಿಂದ ಶುರು ಮಾಡಿದ್ದೇ ತಪ್ಪು. ಇನ್ನೊಂದು ಸೂಕ್ಷ್ಮ: ಮಗುವಿನ ಕೈ ಹಿಡಿದೆಳೆದು ಮುಟ್ಟಿಸಬಾರದು. ನಮ್ಮ ಕೈ ಕೆಳಗೆ, ಅದರ ಕೈ ಮೇಲೆ. ನಮ್ಮ ಕೈ ಹೋದಲ್ಲಿಗೆ ಅದು ತಾನಾಗಿ ಬರಬೇಕು, ಬೇಡವೆನಿಸಿದರೆ ಬಿಡಬೇಕು. ಕಾಣುವ ಮಗುವಿನ ಕಣ್ಣನ್ನು ನಾವು ಹಿಡಿದು ತಿರುಗಿಸುತ್ತೇವೆಯೇ?

ಅಕ್ಷರಕ್ಕೆ ಬ್ರೈಲ್. ಫ್ರಾನ್ಸಿನ ಲೂಯಿ ಬ್ರೈಲ್ (1809–1852) ಹದಿನೈದರ ವಯಸ್ಸಿನಲ್ಲಿ ಕಟ್ಟಿದ ಲಿಪಿ: ಎರಡು ಸಾಲಿನಲ್ಲಿ ಮೂರು ಮೂರರಂತೆ ಆರು ಚುಕ್ಕೆ, ಎಡಸಾಲು ಮೇಲಿನಿಂದ 1, 2, 3, ಬಲಸಾಲು 4, 5, 6. ಯಾವ ಚುಕ್ಕೆ ಉಬ್ಬಿದೆ ಎಂಬುದರ ಮೇಲೆ 63 ಗುರುತುಗಳಾಗುತ್ತವೆ. ಮಧ್ಯಾಹ್ನದೂಟಕ್ಕೆ ಬಂದ ಮೊಟ್ಟೆಯ ಟ್ರೇ ಕತ್ತರಿಸಿ ಆರು ಕುಳಿಗಳ ತುಂಡು ಮಾಡಿದರೆ ಅದೇ ಬ್ರೈಲಿನ ಮನೆ, ಗೋಲಿಗಳೇ ಚುಕ್ಕೆ. 1, 3ರಲ್ಲಿ ಗೋಲಿ ಇಟ್ಟರೆ ಕ. 2, 4ರಲ್ಲಿ ಇಟ್ಟರೆ ಇ. ಕಿ ಬೇಕೆಂದರೆ ಹೊಸ ಆಕಾರವಿಲ್ಲ, ಕ ಬರೆದು ಪಕ್ಕದಲ್ಲಿ ಇ. ಕಾಗುಣಿತದ ಗುಡಿಸು, ಕೊಂಬು, ಏತ್ವ ಎಲ್ಲವೂ ಹೀಗೆ ಸಾಲಿನಲ್ಲೇ ನಡೆದು ಬರುತ್ತವೆ. ಒತ್ತಕ್ಷರವೂ ಕೆಳಗಿಳಿಯುವುದಿಲ್ಲ: 'ಅಕ್ಕ' ಎನ್ನಲು ಅ, ಆಮೇಲೆ 4ನೇ ಚುಕ್ಕೆಯೊಂದೇ, ಆಮೇಲೆ ಕ, ಕ. ಆ ಒಂಟಿ ಚುಕ್ಕೆ ಮುಂದಿನ ಕ-ಕಾರದ ಅ-ವನ್ನು ಕಳೆಯುತ್ತದೆ. ಮುದ್ರಣದ ಕನ್ನಡಕ್ಕಿಂತ ಇದು ಸರಳ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. 1951ರಲ್ಲಿ ಭಾರತಿ ಬ್ರೈಲ್ ಒಪ್ಪಿಕೊಂಡ ಮೇಲೆ ಕನ್ನಡದ ಕ, ಹಿಂದಿಯ ಕ, ಇಂಗ್ಲಿಷಿನ ಕೆ ಮೂರೂ ಒಂದೇ ಗುರುತು.

ಬರೆಯುವಾಗ ಮಾತ್ರ ಒಂದು ಗೊಂದಲ. ಬ್ರೈಲ್ ಸ್ಲೇಟಿನಲ್ಲಿ ದಪ್ಪ ಕಾಗದ ಸಿಕ್ಕಿಸಿ ಮೊಳೆಯಂಥ ಸ್ಟೈಲಸ್ಸಿನಿಂದ ಚುಚ್ಚುತ್ತಾರೆ, ಉಬ್ಬುವುದು ಹಿಂಬದಿಯಲ್ಲಿ. ಆದ್ದರಿಂದ ಬಲದಿಂದ ಎಡಕ್ಕೆ, ಕನ್ನಡಿಯ ಬಿಂಬದ ಹಾಗೆ ಬರೆದು, ಕಾಗದ ತಿರುವಿ ಎಡದಿಂದ ಬಲಕ್ಕೆ ಓದುವುದು. ಆಕಾರ ನೆನಪಿಟ್ಟ ಮಗು ಸೋಲುತ್ತದೆ, 'ಒಂದು-ಮೂರು' ಎಂದು ಅಂಕಿ ನೆನಪಿಟ್ಟ ಮಗು ಗೆಲ್ಲುತ್ತದೆ. ಬರೆಯಲು ಶುರು ಮಾಡುವ ಕಡೆಯಿಂದಲೇ ಒಂದು ಎಣಿಸಿದರಾಯಿತು.

ಕುರುಡು ಎಂದು ದಾಖಲಾದ ಎಲ್ಲರೂ ಪೂರ್ತಿ ಕುರುಡರಲ್ಲ. ಸ್ವಲ್ಪ ಕಾಣುವ ಮಕ್ಕಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ, ದಡ್ಡರ ಲೆಕ್ಕಕ್ಕೆ ಹೋಗುತ್ತಾರೆ. ದ, ಧ, ಥಗಳಲ್ಲಿ ಒಂದು ಸೀಳು, ಒಂದು ಚುಕ್ಕೆಯ ವ್ಯತ್ಯಾಸ. ಅದು ಕಾಣದಿದ್ದರೆ ಓದು ಎಡವುತ್ತದೆ. ಇವರಿಗೆ ದಪ್ಪ ಅಕ್ಷರ, ಕಪ್ಪು ಸ್ಕೆಚ್ ಪೆನ್ನು, ಕಣ್ಣಿಗೆ ಹೊಡೆಯದ ಬೆಳಕು ಸಾಕು. ಪುಸ್ತಕವನ್ನು ಮೂಗಿಗೆ ಹಿಡಿದು ಓದಿದರೆ ಕಣ್ಣು ಹಾಳಾಗುವುದಿಲ್ಲ, ಬೈಯಬೇಡಿ. ತಡೆಯಬಹುದಾದ ಕುರುಡೂ ಇದೆ: ತಿಂಗಳು ತುಂಬದೆ ಹುಟ್ಟಿದ, 2 ಕಿಲೋಗಿಂತ ಕಡಿಮೆ ತೂಕದ ಕೂಸಿನ ಅಕ್ಷಿಪಟವನ್ನು 30 ದಿನದೊಳಗೆ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು.

ದೊಡ್ಡ ತರಗತಿಗೆ ಬಂದ ಮೇಲೆ ಕಂಪ್ಯೂಟರ್, ಫೋನು ಓದಿ ಹೇಳುತ್ತವೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ, ನಾವು ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ್ದರೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದು ಗೊರಗೊರ ಎಂದು ಏನೋ ಓದುತ್ತದೆ. ಫೋಟೊ ತೆಗೆದು ಪಿಡಿಎಫ್ ಮಾಡಿದ ನೋಟ್ಸನ್ನು ಹಾಗೇ ಕೊಟ್ಟರೆ ಅದು ಬರೀ ಚಿತ್ರ, ಏನೂ ಓದದು.

ಇಬ್ಬರೂ ಒಂದೇ ಕೋಣೆಯಲ್ಲಿದ್ದರೆ ಮಾಸ್ತರರ ಕಷ್ಟ ಹೇಳತೀರದು. "ಇದನ್ನ ಇದರಾಗ ಕೂಡಿಸಿದ್ರ ಇದು ಬರತೈತಿ" ಎಂದು ಬೆರಳಿಟ್ಟು ತೋರಿಸುವುದು ಹುಡುಗಿಗೆ ಚೆನ್ನ, ಹುಡುಗನಿಗೆ ಶೂನ್ಯ. ಬಾಯಲ್ಲಿ ಬಿಡಿಸಿ ಹೇಳುತ್ತ ಓಡಾಡಿದರೆ ಅವನಿಗೆ ಚೆನ್ನ, ಅವಳಿಗೆ ಶೂನ್ಯ. ನಾನು ಕೊನೆಗೆ ಮಾಡಿಕೊಂಡ ರೂಢಿ: ಮೊದಲು ಬರೆಯುವುದು, ತಿರುಗಿ ನಿಲ್ಲುವುದು, ಬರೆದದ್ದನ್ನು ಹೆಸರಿಟ್ಟು ಓದುವುದು. ಪಾಠ ನಿಧಾನವಾಯಿತು. ಉಳಿದ ಮೂವತ್ತು ಮಕ್ಕಳಿಗೂ ಅದು ಹೆಚ್ಚು ತಿಳಿಯತೊಡಗಿದ್ದು ನನಗೆ ಅನಿರೀಕ್ಷಿತ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು. ಆಯ್ಕೆ ಮನೆಯವರದು, ಮುಖ್ಯಶಿಕ್ಷಕರದಲ್ಲ. ಅಂಧ ಮಕ್ಕಳಿಗೆ ಹುಬ್ಬಳ್ಳಿಯಲ್ಲೇ ಸರ್ಕಾರಿ ಶಾಲೆಯಿದೆ. ಕಿವುಡು ಮಕ್ಕಳ ಸರ್ಕಾರಿ ಶಾಲೆಗೆ ಇಲ್ಲಿಯವರು ಬೆಳಗಾವಿಗೋ ಬಳ್ಳಾರಿಗೋ ಹೋಗಬೇಕು. ಪರೀಕ್ಷೆಯಲ್ಲಿ ಬರೆದುಕೊಡಲು ಲಿಪಿಕಾರರನ್ನು ಪಡೆಯಬಹುದು, ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷ ಹೆಚ್ಚಿನ ಸಮಯವೂ ಸಿಗುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಹತ್ತನೇ ತರಗತಿಯವರೆಗೆ ಕಾಯಬೇಡಿ, ಆ ಗಡಿಬಿಡಿಯಲ್ಲಿ ಅರ್ಧ ಮಕ್ಕಳಿಗೆ ಈ ಹೆಚ್ಚಿನ ಸಮಯ ಕೈತಪ್ಪುತ್ತದೆ.

ಮಣ್ಣೆತ್ತನ್ನು ಬೆಕ್ಕು ಎಂದ ದಿನ ಸಂಜೆ ಹುಡುಗನ ಅಪ್ಪನನ್ನು ಕರೆಸಿ ಒಂದೇ ಮಾತು ಕೇಳಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಹಾಯ್ದ್ರ ಏನ್ ಮಾಡೂದ್ರಿ?" ಎಂದರು. ಶನಿವಾರ ಎತ್ತನ್ನು ಮೂಗುದಾರ ಬಿಗಿಹಿಡಿದು ನಿಲ್ಲಿಸಿ, ಮಗನ ಕೈ ಕೆಳಗೆ ತಮ್ಮ ಕೈ ಇಟ್ಟು, ಇಣಿಯಿಂದ (ಹೆಗಲ ಮೇಲಿನ ಡುಬ್ಬದಿಂದ) ಬಾಲದ ಕುಚ್ಚಿನವರೆಗೆ ಮುಟ್ಟಿಸಿದರಂತೆ. ಒಂದು ತಾಸು ಹಿಡಿಯಿತಂತೆ. ಸೋಮವಾರ ಪ್ರಾರ್ಥನೆ ಮುಗಿಯುವುದರೊಳಗೆ ಹುಡುಗ ನನ್ನನ್ನು ಹುಡುಕಿಕೊಂಡು ಬಂದ. ರೈತನ ಮಿತ್ರ ಗಿತ್ರ ಏನೂ ಇಲ್ಲ.

"ಸರ, ಎತ್ತಿನ ಮೂಗು ಯಾವಾಗ್ಲೂ ಹಸಿ ಯಾಕ ಇರತೈತ್ರಿ?"